ವಾರಕ್ಕೆ 60 ಕಿಲೋಮೀಟರ್ ಓಡುವ ಸಸ್ಯಾಹಾರಿಗೆ ಪ್ರೋಟೀನ್ ಪುಡಿ ಬೇಕೇ?

ಚಾಮುಂಡಿ ತಪ್ಪಲು (ಮೈಸೂರು)

ಎಲ್ಲರಿಗೂ ನಮಸ್ಕಾರ. ನನಗೆ 44 ವರ್ಷ, ತೂಕ 64 ಕಿಲೋ. ಹುಟ್ಟಿನಿಂದ ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಮೂರು ವರ್ಷಗಳಿಂದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಓಡುತ್ತಾ ಬಂದು, ಎರಡು ಅರ್ಧ ಮ್ಯಾರಥಾನ್‌ಗಳನ್ನು ಮುಗಿಸಿ, ಬರುವ ಜನವರಿಯಲ್ಲಿ ಮುಂಬೈಯಲ್ಲಿ ಮೊದಲ ಬಾರಿಗೆ ಪೂರ್ತಿ 42.195 ಕಿಲೋಮೀಟರ್ ಓಡಲು ಹೆಸರು ನೋಂದಾಯಿಸಿದ್ದೇನೆ. ಈಗ ವಾರಕ್ಕೆ ಸುಮಾರು 60 ಕಿಲೋಮೀಟರ್ ಆಗುತ್ತಿದೆ. ಭಾನುವಾರದ ಉದ್ದದ ಓಟ 26ರಿಂದ 28 ಕಿಲೋಮೀಟರ್ ಇರುತ್ತದೆ.

ಭಾನುವಾರ ಓಡಿದ ನೋವು ಬುಧವಾರದವರೆಗೂ ತೊಡೆಯಲ್ಲಿ ಉಳಿಯುತ್ತದೆ. ಮಂಗಳವಾರದ ವೇಗದ ಓಟವನ್ನು ಎರಡು ಬಾರಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಮನೆಯ ಹತ್ತಿರದ ಜಿಮ್‌ನ ತರಬೇತುದಾರರು, ‘ಸರ್, ನಿಮಗೆ ಪ್ರೋಟೀನ್ ಸಾಲುತ್ತಿಲ್ಲ, ದಿನಕ್ಕೆ ಎರಡು ಚಮಚ ವೇ ಪುಡಿ ಶುರುಮಾಡಿ’ ಎಂದರು. ವೇ ಎಂದರೆ ಹಾಲಿನಿಂದ ತೆಗೆದ ಪ್ರೋಟೀನ್, ಚಮಚ ಎಂದರೆ 30 ಗ್ರಾಂ ಹಿಡಿಯುವ ಅಳತೆಯ ಚಮಚ. ಒಂದು ಕಿಲೋ ಡಬ್ಬಿಗೆ 3,200 ರೂಪಾಯಿ ಕೊಟ್ಟು ತಂದಿದ್ದೇನೆ, ಇನ್ನೂ ತೆರೆದಿಲ್ಲ. ನನ್ನ ಮನೆಯವರು, ‘ವಾರಕ್ಕೆರಡು ದಿನ ಹುರುಳಿ ಸಾರು ಮಾಡುತ್ತೇನೆ, ದಿನಾ ಬೇಳೆ ಇದೆ, ಮೊಸರಿದೆ, ಇನ್ನೇನು ಬೇಕು?’ ಎನ್ನುತ್ತಾರೆ.

ನನ್ನ ಊಟದ ಕ್ರಮವನ್ನೂ ಬರೆದುಬಿಡುತ್ತೇನೆ. ಬೆಳಿಗ್ಗೆ ಓಟಕ್ಕೆ ಮೊದಲು ಒಂದು ಲೋಟ ಕಾಫಿ. ಎಂಟೂವರೆಗೆ ನಾಲ್ಕು ಇಡ್ಲಿ ಅಥವಾ ಒಂದು ತಟ್ಟೆ ಉಪ್ಪಿಟ್ಟು. ಮಧ್ಯಾಹ್ನ ಡಬ್ಬಿಯಲ್ಲಿ ಅನ್ನ, ಹುಳಿ, ಪಲ್ಯ, ಮಜ್ಜಿಗೆ. ಸಂಜೆ ಮತ್ತೆ ಕಾಫಿ. ರಾತ್ರಿ ಮೂರು ಚಪಾತಿ, ಪಲ್ಯ, ಸ್ವಲ್ಪ ಅನ್ನ ಸಾರು, ಒಂದು ಬಟ್ಟಲು ಮೊಸರು. ಭಾನುವಾರ ಓಟ ಮುಗಿಯುವಾಗ ಎಂಟು ಕಾಲು. ಕಾಫಿ, ಸ್ನಾನ, ಮಾರುಕಟ್ಟೆ ಎಲ್ಲ ಮುಗಿದು ತಿಂಡಿಗೆ ಕೂರುವಾಗ ಹನ್ನೊಂದು ಗಂಟೆ ಆಗಿರುತ್ತದೆ. ಈ ಡಬ್ಬಿಯನ್ನು ತೆರೆಯಬೇಕೇ, ಬೇಡವೇ ಎಂಬುದನ್ನು ಅನುಭವಸ್ಥರು ತಿಳಿಸಬೇಕೆಂದು ಕೋರುತ್ತೇನೆ.

ಬಸವನಗುಡಿ ಬೆಳಗು (ಬೆಂಗಳೂರು)

ಸರ್, ನಾನು ವೃತ್ತಿಯಿಂದ ಆಹಾರತಜ್ಞೆ, ಲಾಲ್‌ಬಾಗಿನಲ್ಲಿ ಹತ್ತು ವರ್ಷದಿಂದ ಓಡುತ್ತಿದ್ದೇನೆ. ನೀವು ಊಟದ ವಿವರವನ್ನು ಇಷ್ಟು ಪ್ರಾಮಾಣಿಕವಾಗಿ ಬರೆದಿರುವುದರಿಂದ ಲೆಕ್ಕ ಹಾಕಿಯೇ ಉತ್ತರಿಸಬಹುದು.

ಪ್ರೋಟೀನ್ ಎಂದರೆ ತೋಳು ದಪ್ಪ ಮಾಡಿಕೊಳ್ಳುವವರ ಆಹಾರ ಎಂಬ ತಿಳಿವಳಿಕೆಯನ್ನು ಮೊದಲು ಬದಿಗಿಡೋಣ. ಉದ್ದದ ಓಟದಲ್ಲಿ, ಅದರಲ್ಲೂ ಇಳಿಜಾರಿನಲ್ಲಿ, ತೊಡೆಯ ಸ್ನಾಯುವಿನ ಎಳೆಗಳು ಸೂಕ್ಷ್ಮವಾಗಿ ಹರಿಯುತ್ತವೆ, ಅವುಗಳನ್ನು ಮತ್ತೆ ಕಟ್ಟಲು ಅಮೈನೋ ಆಮ್ಲಗಳೇ, ಅಂದರೆ ಪ್ರೋಟೀನ್ ಒಡೆದಾಗ ಸಿಗುವ ಘಟಕಗಳೇ ಬೇಕು. ಸ್ನಾಯುವಿನ ಕೋಶದೊಳಗೆ ಆಮ್ಲಜನಕವನ್ನು ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳನ್ನೂ, ರಕ್ತದ ಹಿಮೋಗ್ಲೋಬಿನ್ನನ್ನೂ ದೇಹ ಕಟ್ಟುವುದು ಇದರಿಂದಲೇ. ಇದಲ್ಲದೆ ಓಡುವಾಗ ಖರ್ಚಾಗುವ ಶಕ್ತಿಯಲ್ಲಿ ಸುಮಾರು ನೂರಕ್ಕೆ ಐದು ಪಾಲು ಅಮೈನೋ ಆಮ್ಲಗಳು ಉರಿಯುವುದರಿಂದ ಬರುತ್ತದೆ, ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ (ಅನ್ನದಂಥ ಆಹಾರದಿಂದ ಬಂದ ಸಕ್ಕರೆಯ ದಾಸ್ತಾನು) ಬರಿದಾದ ಮೇಲೆ ಆ ಪಾಲು ಹತ್ತರ ಹತ್ತಿರಕ್ಕೂ ಏರಬಹುದು. ಅಂದರೆ ಅನ್ನ ಸಾಲದೆ ಹೋದಾಗ ದೇಹ ತನ್ನ ಗೋಡೆಯ ಇಟ್ಟಿಗೆಯನ್ನೇ ಕಿತ್ತು ಒಲೆಗೆ ಹಾಕುತ್ತದೆ. ಈ ಸಂಗತಿಗೆ ಮತ್ತೆ ಬರುತ್ತೇನೆ, ಏಕೆಂದರೆ ನಿಮ್ಮ ತೊಂದರೆಯ ಬೇರು ಅಲ್ಲೇ ಇದೆ ಎಂದು ನನಗೆ ಅನಿಸುತ್ತಿದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ನೀಡಿದ ಶಿಫಾರಸಿನಂತೆ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ನಿಮಗೆ ಅದು 53 ಗ್ರಾಂ. ಆದರೆ ಕ್ರೀಡಾಪಟುಗಳಿಗಾಗಿ ಅಮೆರಿಕ ಮತ್ತು ಕೆನಡಾದ ಕ್ರೀಡಾವೈದ್ಯ ಹಾಗೂ ಆಹಾರತಜ್ಞರ ಸಂಘಗಳು 2016ರಲ್ಲಿ ಒಟ್ಟಾಗಿ ಹೇಳಿದ್ದು 1.2ರಿಂದ 2.0 ಗ್ರಾಂ. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆರು ಮಂದಿ ದೂರದ ಓಟಗಾರರನ್ನು 20 ಕಿಲೋಮೀಟರ್ ಓಡಿಸಿ, ಅಮೈನೋ ಆಮ್ಲಗಳು ದೇಹದಲ್ಲಿ ಎಷ್ಟು ಉರಿಯುತ್ತವೆ ಎಂದು ಅಳೆದಾಗ, ಅಂಥ ದಿನದ ಸರಾಸರಿ ಅಗತ್ಯ 1.65 ಗ್ರಾಂ ಎಂದು ಕಂಡುಬಂತು. ಆರು ಮಂದಿಯ ಅಧ್ಯಯನವನ್ನು ಎಲ್ಲರಿಗೂ ಅನ್ವಯಿಸಲಾಗದು. ಆದರೂ ನಮ್ಮಂಥವರ ಅಗತ್ಯ ಕುಳಿತು ಕೆಲಸ ಮಾಡುವವರಿಗಿಂತ ಹೆಚ್ಚು ಎಂಬುದರಲ್ಲಿ ಸಂಶಯವಿಲ್ಲ. ನಿಮ್ಮ ಮಟ್ಟದ ಓಟಕ್ಕೆ ನಾನು 1.3ರಿಂದ 1.5 ಗ್ರಾಂ, ಅಂದರೆ ದಿನಕ್ಕೆ 83ರಿಂದ 96 ಗ್ರಾಂ ಎಂದು ಇಟ್ಟುಕೊಳ್ಳುತ್ತೇನೆ.

ಈಗ ನಿಮ್ಮ ತಟ್ಟೆಗೆ ಬರೋಣ. ನಾಲ್ಕು ಇಡ್ಲಿ ಮತ್ತು ಚಟ್ನಿಯಿಂದ ಸುಮಾರು 10 ಗ್ರಾಂ, ಎರಡು ಕಾಫಿಯ ಹಾಲಿನಿಂದ 5, ಮಧ್ಯಾಹ್ನದ ಊಟದಿಂದ 20, ರಾತ್ರಿಯ ಊಟದಿಂದ 21 ಅಥವಾ 22. ಒಟ್ಟು 57 ಗ್ರಾಂ ಆಸುಪಾಸು. ಮನೆಯಲ್ಲಿ ಕುಳಿತಿರುವವರಿಗೆ ಇದು ಸಾಕು, ನಿಮಗೆ 26ರಿಂದ 39 ಗ್ರಾಂ ಕಡಿಮೆ. ಆದ್ದರಿಂದ ಪ್ರೋಟೀನ್ ಸಾಲುತ್ತಿಲ್ಲ ಎಂದ ನಿಮ್ಮ ತರಬೇತುದಾರರ ಮಾತು ತಪ್ಪಲ್ಲ. ಆ ಕೊರತೆಯನ್ನು ಡಬ್ಬಿಯಿಂದಲೇ ತುಂಬಬೇಕು ಎಂಬ ಎರಡನೆಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ನಲವತ್ತು ಗ್ರಾಂ ಹುರಿಗಡಲೆ, ಅಂದರೆ ಒಂದು ದೊಡ್ಡ ಹಿಡಿ, 8ರಿಂದ 9 ಗ್ರಾಂ ಕೊಡುತ್ತದೆ. ಮೂವತ್ತು ಗ್ರಾಂ ಕಡಲೆಕಾಯಿ ಬೀಜ 7 ಗ್ರಾಂ, ಒಂದು ಲೋಟ ಹಾಲು 6ರಿಂದ 7 ಗ್ರಾಂ, ನಲವತ್ತು ಗ್ರಾಂ ಹೆಸರುಕಾಳನ್ನು ನೆನೆಸಿ ಮೊಳಕೆ ಬರಿಸಿದರೆ 9 ಗ್ರಾಂ. ಕೊರತೆ ತುಂಬಿತು.

ಆದರೆ ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಒಂದು ಕಿಲೋಮೀಟರ್ ಓಡಿದರೆ ಪ್ರತಿ ಕಿಲೋ ದೇಹತೂಕಕ್ಕೆ ಹೆಚ್ಚುಕಡಿಮೆ ಒಂದು ಕಿಲೋಕ್ಯಾಲೊರಿ ಖರ್ಚಾಗುತ್ತದೆ. ನಿಮ್ಮ 28 ಕಿಲೋಮೀಟರಿಗೆ ಅದು ಸುಮಾರು 1,800. ಅದನ್ನು ಮುಗಿಸಿದ ಮೇಲೆ ಎರಡು ಮುಕ್ಕಾಲು ಗಂಟೆ ಬರೀ ಕಾಫಿಯಲ್ಲಿ ಕಳೆಯುತ್ತೀರಿ. ಮೊದಲ ಕೆಲವು ಗಂಟೆಗಳಲ್ಲಿ ಸ್ನಾಯು ಗ್ಲೂಕೋಸನ್ನು ಬೇಗನೆ ಹೀರಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ತೂಕದ ಪ್ರತಿ ಕಿಲೋಗೆ ಗಂಟೆಗೆ ಒಂದು ಗ್ರಾಂನಷ್ಟು ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಸಿಕ್ಕರೆ ಗ್ಲೈಕೋಜನ್ ಚೆನ್ನಾಗಿ ತುಂಬಿಕೊಳ್ಳುತ್ತದೆ. ಮೂರು ವರ್ಷದ ಹಿಂದೆ, ಓಟದ ಅಭ್ಯಾಸ ಶುರುಮಾಡುವ ಮುಂಚೆ, ತಿನ್ನುತ್ತಿದ್ದ ನಾಲ್ಕು ಇಡ್ಲಿಯನ್ನೇ 60 ಕಿಲೋಮೀಟರ್ ಓಡುವ ವಾರದಲ್ಲೂ ತಿನ್ನುತ್ತಿದ್ದೀರಾ ಎಂದು ಒಮ್ಮೆ ಯೋಚಿಸಿ. ಒಟ್ಟು ಊಟವೇ ಕಡಿಮೆಯಾದಾಗ ಪುಡಿಯ ಪ್ರೋಟೀನೂ ಉರುವಲಾಗಿ ಹೋಗುತ್ತದೆ. 3,200 ರೂಪಾಯಿಯ ಡಬ್ಬಿಯಿಂದ ಅನ್ನದ ಕೆಲಸ ಮಾಡಿಸಿದಂತಾಗುತ್ತದೆ.

ಹಾಸನದ ಮೇಷ್ಟ್ರಮ್ಮ

ಅಕ್ಕ ಬರೆದ ಕೊನೆಯ ಮಾತನ್ನು ನಾನು ಎರಡು ವರ್ಷದ ಹಿಂದೆ ಓದಿದ್ದರೆ ಬಹಳ ಕಷ್ಟ ತಪ್ಪುತ್ತಿತ್ತು.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ, ವಯಸ್ಸು 36. ಓಡಲು ಆರಂಭಿಸಿದ ಎರಡನೆಯ ವರ್ಷದಲ್ಲಿ ಸಮಯ ಕಡಿಮೆ ಮಾಡಿಕೊಳ್ಳುವ ಆಸೆಯಿಂದ ರಾತ್ರಿಯ ಅನ್ನ ಬಿಟ್ಟು, ಆ ಜಾಗಕ್ಕೆ ಒಂದು ಚಮಚ ಪ್ರೋಟೀನ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಯಲು ತೊಡಗಿದೆ. ತೂಕ ಇಳಿಯಿತು, ಎಲ್ಲರೂ ಮೆಚ್ಚಿದರು. ಐದನೆಯ ತಿಂಗಳಿಗೆ ಮುಟ್ಟು ನಿಂತಿತು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ನಾನು ಇದು ಪ್ರೋಟೀನ್ ಕೊರತೆಯೇ ಇರಬೇಕೆಂದುಕೊಂಡು ಪುಡಿಯನ್ನು ಎರಡು ಚಮಚಕ್ಕೆ ಏರಿಸಿದೆ. ಎಂಟನೆಯ ತಿಂಗಳಿನಲ್ಲಿ ವೈದ್ಯರು ಫೆರಿಟಿನ್ ಪರೀಕ್ಷೆ ಮಾಡಿಸಿದಾಗ ಕಬ್ಬಿಣದ ಸಂಗ್ರಹ ಪೂರ್ತಿ ಬರಿದಾಗಿತ್ತು. ಓಟಕ್ಕೆ ಬೇಕಾದಷ್ಟು ತಿನ್ನದೆ ಇದ್ದಾಗ ದೇಹ ಮುಟ್ಟು, ಮೂಳೆ, ರಕ್ತ ಎಲ್ಲದರ ಖರ್ಚನ್ನೂ ಮೊಟಕುಗೊಳಿಸುತ್ತದೆ ಎಂದು ಅವರು ವಿವರಿಸಿದರು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಇದಕ್ಕೆ 2014ರಲ್ಲೇ ಒಂದು ಹೆಸರು ಕೊಟ್ಟು ಎಚ್ಚರಿಸಿದೆ, ಇದು ಗಂಡಸರಲ್ಲೂ ಆಗುತ್ತದೆ ಎಂದು ಆಮೇಲೆ ಓದಿ ತಿಳಿದೆ. ಕಬ್ಬಿಣದ ಮಾತ್ರೆ, ರಾತ್ರಿಯ ಮುದ್ದೆ, ಊಟದೊಡನೆ ನಿಂಬೆಹಣ್ಣು, ಊಟದ ಬೆನ್ನಿಗೇ ಕಾಫಿ ಕುಡಿಯುವುದನ್ನು ನಿಲ್ಲಿಸಿದ್ದು, ಓಟ ಅರ್ಧಕ್ಕೆ ಇಳಿಸಿದ್ದು, ಇಷ್ಟರಿಂದ ಸರಿಹೋಗಲು ಏಳು ತಿಂಗಳು ಹಿಡಿಯಿತು.

ಇನ್ನೊಂದು ಸಂಗತಿ. ‘ದಿನಾ ಬೇಳೆ ತಿನ್ನುತ್ತೇವೆ’ ಎಂದು ನಾವೆಲ್ಲ ಹೇಳುತ್ತೇವೆ. ನಾನು ಮಕ್ಕಳಿಗೆ ಅಳತೆಯ ಪಾಠ ಮಾಡುವ ತಕ್ಕಡಿಯನ್ನು ಒಂದು ವಾರ ಅಡುಗೆಮನೆಗೆ ತಂದಿಟ್ಟೆ. ಅತ್ತೆ ಎಂದಿನಂತೆ ಕೈಯಳತೆಯಲ್ಲಿ ಹುಳಿಗೆ ಬೇಳೆ ಹಾಕಿದರು, ನಾನು ತೂಗಿದೆ. ಐದು ಜನಕ್ಕೆ, ಎರಡು ಹೊತ್ತಿಗೆ, 160 ಗ್ರಾಂ. ಅಂದರೆ ಒಬ್ಬರಿಗೆ ಇಡೀ ದಿನಕ್ಕೆ 32 ಗ್ರಾಂ ಬೇಳೆ, ಅದರಲ್ಲಿ ಪ್ರೋಟೀನ್ 7 ಗ್ರಾಂ. ಸಾರು ಮಾಡಿದ ದಿನ ಇನ್ನೂ ಕಡಿಮೆ, ಏಕೆಂದರೆ ಬೇಳೆಯ ಕಟ್ಟು ಮೇಲೆ ಬರುತ್ತದೆ, ಬೇಳೆ ಪಾತ್ರೆಯ ತಳದಲ್ಲಿ ಉಳಿಯುತ್ತದೆ, ತಿಳಿಯನ್ನು ಬಡಿಸಿಕೊಂಡವರ ತಟ್ಟೆಗೆ ಬಂದದ್ದು ರುಚಿ ಮತ್ತು ಉಪ್ಪು ಅಷ್ಟೇ. ಹುರುಳಿ ಸಾರಿನಲ್ಲೂ ಹಾಗೆಯೇ. ಬೇಯಿಸಿದ ನೀರಿನಿಂದ ಸಾರು, ಕಾಳಿನಿಂದ ಉಸಲಿ. ಪ್ರೋಟೀನ್ ಇರುವುದು ಬಹುಪಾಲು ಕಾಳಿನಲ್ಲಿ. ಉಸಲಿಯನ್ನು ಒಂದು ಚಮಚ ಬಡಿಸಿಕೊಂಡು ಸಾರನ್ನು ಎರಡು ಸೌಟು ಹಾಕಿಸಿಕೊಳ್ಳುವವರು ಅದನ್ನು ತಿರುಗಿಸಿಕೊಳ್ಳಬೇಕು. ಆ ವಾರದಿಂದ ನಮ್ಮ ಮನೆಯ ಹುಳಿಗೆ 250 ಗ್ರಾಂ ಬೇಳೆ ಬೀಳುತ್ತಿದೆ. ಅತ್ತೆಯೇ ತೂಗಿ ಹಾಕುತ್ತಾರೆ.

ಧಾರವಾಡ ಟ್ರ್ಯಾಕ್

ನಾನು ವಿಶ್ವವಿದ್ಯಾಲಯದ ಕ್ರಾಸ್ ಕಂಟ್ರಿ ಸ್ಪರ್ಧೆಗಳಿಗೂ, ಪೊಲೀಸ್ ಮತ್ತು ಸೈನ್ಯದ ಭರ್ತಿಗೂ ಹುಡುಗರನ್ನು ತಯಾರು ಮಾಡುತ್ತೇನೆ. ಮೇಲಿನ ಎರಡು ಬರಹಗಳೂ ಸರಿಯಾಗಿವೆ. ಪುಡಿಯ ಡಬ್ಬಿಯೊಳಗೆ ಏನಿರುತ್ತದೆ ಎಂಬುದನ್ನು ಯಾರೂ ಹೇಳಿಲ್ಲ, ಅದನ್ನು ಹೇಳುತ್ತೇನೆ.

ಆಹಾರದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ. ಸಾರಜನಕ ಎಷ್ಟಿದೆ ಎಂದು ಅಳೆದು, ಅದನ್ನು 6.25ರಿಂದ ಗುಣಿಸುತ್ತಾರೆ. ಈ ದಾರಿಯಲ್ಲಿ ಒಂದು ಸಂದಿಯಿದೆ. ಗ್ಲೈಸಿನ್, ಟಾರಿನ್‌ನಂಥ ಅಗ್ಗದ ಪದಾರ್ಥಗಳನ್ನು ಬೆರೆಸಿದರೂ ಸಾರಜನಕ ಏರುತ್ತದೆ, ಲೇಬಲ್ಲಿನ ಅಂಕಿ ಏರುತ್ತದೆ, ಆದರೆ ಸ್ನಾಯು ಕಟ್ಟುವ ಪ್ರೋಟೀನ್ ಅಷ್ಟಿರುವುದಿಲ್ಲ. ಕೇರಳದ ವೈದ್ಯರೊಬ್ಬರ ನೇತೃತ್ವದ ತಂಡವು ನಮ್ಮ ದೇಶದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ವರದಿ ಪ್ರಕಟಿಸಿತು. ಸುಮಾರು ನೂರಕ್ಕೆ 70ರಷ್ಟರಲ್ಲಿ ಪ್ರೋಟೀನಿನ ಪ್ರಮಾಣ ಲೇಬಲ್ಲಿಗೆ ಹೊಂದುತ್ತಿರಲಿಲ್ಲ, ಕೆಲವುಗಳಲ್ಲಿ ಹೇಳಿದ್ದರ ಅರ್ಧದಷ್ಟೇ ಇತ್ತು. ನೂರಕ್ಕೆ 14ರಷ್ಟರಲ್ಲಿ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷವಿತ್ತು.

ನನ್ನ ಹುಡುಗನೊಬ್ಬ ಜಿಮ್ಮಿನಲ್ಲಿ ಯಾರೋ ಪ್ಲಾಸ್ಟಿಕ್ ಚೀಲದಲ್ಲಿ ಬಿಡಿಯಾಗಿ ತೂಗಿ ಕೊಟ್ಟ ಪುಡಿಯನ್ನು ತಂದಿದ್ದ. ಅದರಲ್ಲಿ ಲೇಬಲ್ಲಿಲ್ಲ, ತಯಾರಿಸಿದ ದಿನಾಂಕವಿಲ್ಲ, ಬಣ್ಣ ಮಾತ್ರ ಚಾಕೊಲೆಟ್. ನಾನು ಅವನನ್ನು ಕೂರಿಸಿಕೊಂಡು ಹೇಳಿದೆ: ‘ತಮ್ಮಾ, ನೀನು ರಾಷ್ಟ್ರಮಟ್ಟಕ್ಕೆ ಹೋದರೆ ಉದ್ದೀಪನ ಮದ್ದಿನ ಪರೀಕ್ಷೆ ಇರುತ್ತದೆ. ಮೂತ್ರದಲ್ಲಿ ನಿಷೇಧಿತ ಪದಾರ್ಥ ಸಿಕ್ಕರೆ, ಪುಡಿಯಲ್ಲಿ ಬೆರೆತಿತ್ತು, ನನಗೆ ಗೊತ್ತಿರಲಿಲ್ಲ ಎಂದರೆ ಬಿಡುವುದಿಲ್ಲ. ನಿನ್ನ ಮೈಯೊಳಗೆ ಹೋದದ್ದಕ್ಕೆ ನೀನೇ ಹೊಣೆ ಎಂಬುದೇ ಅವರ ನಿಯಮ.’ ಅವನು ಆ ಚೀಲವನ್ನು ಅಂದೇ ಹೊರಗೆ ಹಾಕಿದ. ಕೊಳ್ಳಲೇಬೇಕಾದವರು ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ನೋಡಿ ಕೊಳ್ಳಲಿ. ಸ್ಪರ್ಧೆಯಲ್ಲಿ ಓಡುವವರು ನಿಷೇಧಿತ ಪದಾರ್ಥಗಳಿಗಾಗಿ ಪ್ರತಿ ಬ್ಯಾಚನ್ನೂ ಹೊರಗಿನ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಗುರುತಿರುವ ಡಬ್ಬಿಯನ್ನು ಬಿಟ್ಟು ಬೇರೆಯದನ್ನು ಮುಟ್ಟಬಾರದು.

ಹುಡುಗರು ಕೀನ್ಯಾದವರ ಹೆಸರು ಹೇಳುತ್ತಾರೆ. ಕೀನ್ಯಾದ ಅಗ್ರ ಓಟಗಾರರ ಊಟವನ್ನು ತೂಗಿ ನೋಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅವರ ಶಕ್ತಿಯಲ್ಲಿ ನೂರಕ್ಕೆ 76ರಷ್ಟು ಶರ್ಕರಪಿಷ್ಟದಿಂದ, 10ರಷ್ಟು ಮಾತ್ರ ಪ್ರೋಟೀನಿನಿಂದ ಬರುತ್ತಿತ್ತು. ಆದರೂ ಲೆಕ್ಕ ಹಾಕಿದಾಗ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1.3 ಗ್ರಾಂ ಪ್ರೋಟೀನ್ ಆಗುತ್ತಿತ್ತು. ಅವರ ಮುಖ್ಯ ಆಹಾರ ಮೆಕ್ಕೆಜೋಳದ ಹಿಟ್ಟಿನ ಉಗಾಲಿ, ನೋಡಲು ನಮ್ಮ ಮುದ್ದೆಯ ಹಾಗೆಯೇ, ಜೊತೆಗೆ ಹಾಲು ಹಾಕಿದ ಚಹಾ, ಸೊಪ್ಪು, ಹುರುಳಿಕಾಯಿ ಜಾತಿಯ ಕಾಳು, ಸ್ವಲ್ಪ ಮಾಂಸ. ಊಟದ ರಾಶಿ ದೊಡ್ಡದಾಗಿದ್ದರೆ ಪ್ರೋಟೀನ್ ತಾನಾಗಿ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ನಮ್ಮ ಕಡೆ ಜೋಳದ ರೊಟ್ಟಿ, ಝುಣಕ, ಮಡಿಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಇದ್ದ ತಟ್ಟೆಯಲ್ಲಿ 30 ಗ್ರಾಂ ಆರಾಮಾಗಿ ಬರುತ್ತದೆ.

ಆದರೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಾಲ್ಕು ಹುಡುಗರು ಸೇರಿ ಬಾಡಿಗೆ ಖೋಲಿಯಲ್ಲಿ ಇರುತ್ತಾರೆ, ಮೆಸ್ಸಿನ ಊಟ ಉಣ್ಣುತ್ತಾರೆ, ವಾರಕ್ಕೆ 110 ಕಿಲೋಮೀಟರ್ ಓಡುತ್ತಾರೆ. ಅವರಿಗೆ ‘ಮನೆಯಲ್ಲಿ ಕಾಳು ಮೊಳಕೆ ಬರಿಸಿ’ ಎಂದು ಉಪದೇಶ ಮಾಡುವುದು ಸುಲಭ. ಅಂಥವರಿಗೆ ನಾನು ಹೇಳುವುದು ಅರ್ಧ ಲೀಟರ್ ಹಾಲು, ದಿನಕ್ಕೆ ಮೂರು ಬೇಯಿಸಿದ ಮೊಟ್ಟೆ, ಕಿಸೆಯಲ್ಲಿ ಶೇಂಗಾ–ಪುಠಾಣಿ. ಮೊಟ್ಟೆ ತಿನ್ನದವರಿಗೆ ಸೋಯಾ ಚಂಕ್ಸ್: ಮೂವತ್ತು ಗ್ರಾಮಿಗೆ 15 ಗ್ರಾಂ ಪ್ರೋಟೀನ್, ಬಿಸಿನೀರಿನಲ್ಲಿ ನೆನೆಸಿ ಹಿಂಡಿದರೆ ಅಡುಗೆ ಬಾರದ ಹುಡುಗನೂ ಮಾಡಿಕೊಳ್ಳುತ್ತಾನೆ.

ಪಣಂಬೂರು ಮರಳು (ಮಂಗಳೂರು)

ಎಲ್ಲರೂ ಪುಡಿಯ ವಿರುದ್ಧ ಬರೆದಿರುವುದರಿಂದ ನಾನು ಅದರ ಪರವಾಗಿ ಒಂದು ಮಾತು ಹೇಳಬೇಕೆನಿಸಿತು. ನನಗೆ 63 ವರ್ಷ, 70 ಕಿಲೋ. ಐವತ್ತೈದರ ತನಕ ಯಾವ ಪುಡಿಯೂ ಇಲ್ಲದೆ ಓಡಿದ್ದೇನೆ. ಅಲ್ಲಿಂದಾಚೆಗೆ ತೊಡೆ ತೆಳುವಾಗುತ್ತಾ ಹೋಗುವುದು ನನಗೇ ಕಾಣುತ್ತಿತ್ತು. ವಯಸ್ಸಾದಂತೆ ಸ್ನಾಯು ಪ್ರೋಟೀನಿನ ಕರೆಗೆ ಬೇಗ ಓಗೊಡುವುದಿಲ್ಲ. ಯುವಕರಿಗೆ ಒಂದು ಊಟದಲ್ಲಿ ಪ್ರತಿ ಕಿಲೋಗೆ 0.24 ಗ್ರಾಂ ಸಾಕಾಗುವ ಕಡೆ ನಮ್ಮ ವಯಸ್ಸಿನವರಿಗೆ 0.4 ಗ್ರಾಂ ಬೇಕು ಎಂದು 2015ರ ಅಧ್ಯಯನವೊಂದು ತೋರಿಸಿದೆ. ನನ್ನ ಲೆಕ್ಕಕ್ಕೆ ಅದು ಹೊತ್ತಿಗೆ 28 ಗ್ರಾಂ. ಬೆಳಗ್ಗಿನ ನೀರುದೋಸೆ, ತೆಂಗಿನಕಾಯಿ ಚಟ್ನಿಯಲ್ಲಿ ಅಷ್ಟು ಎಲ್ಲಿಂದ ಬರಬೇಕು? ಮಧ್ಯಾಹ್ನ ಬಂಗುಡೆ ಇರುತ್ತದೆ, ಅದರ ಚಿಂತೆಯಿಲ್ಲ. ಬೆಳಿಗ್ಗೆ ಓಡಿ ಬಂದ ಮೇಲೆ ಹಸಿವೇ ಇರುವುದಿಲ್ಲ. ಮೂರು ಮೊಟ್ಟೆ ತಿನ್ನಿ ಎಂದರೆ ನುಂಗಲಾಗುವುದಿಲ್ಲ. ಒಂದು ಚಮಚ ವೇ ಪುಡಿಯನ್ನು ಹಾಲಿನಲ್ಲಿ ಕಲಸಿದರೆ 30 ಗ್ರಾಂ ಪ್ರೋಟೀನ್ ಎರಡು ನಿಮಿಷದಲ್ಲಿ ಒಳಗೆ ಹೋಗುತ್ತದೆ. ವಾರಕ್ಕೆ ನಾಲ್ಕು ದಿನ ಕುಡಿಯುತ್ತೇನೆ, ಜೊತೆಗೆ ಎರಡು ದಿನ ಭಾರ ಎತ್ತುವ ವ್ಯಾಯಾಮ ಮಾಡುತ್ತೇನೆ. ಅದಿಲ್ಲದೆ ಬರೀ ಪುಡಿಯಿಂದ ತೊಡೆ ತುಂಬುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಮಂಡ್ಯದ ವೈದ್ಯ

ಪ್ರೋಟೀನ್ ಪುಡಿಯಿಂದ ಕಿಡ್ನಿ ಹೋಗುತ್ತದೆಯೇ ಎಂದು ಇಂಥ ಚರ್ಚೆ ನಡೆದಾಗಲೆಲ್ಲ ನನ್ನನ್ನು ಕೇಳುತ್ತಾರೆ, ಆದ್ದರಿಂದ ಮೊದಲೇ ಹೇಳುತ್ತೇನೆ. ಮೂತ್ರಪಿಂಡ ಆರೋಗ್ಯವಾಗಿರುವವರಿಗೆ ಇಲ್ಲಿ ಚರ್ಚಿಸುತ್ತಿರುವ ಪ್ರಮಾಣದಿಂದ ಹಾನಿಯಾಗುತ್ತದೆ ಎನ್ನಲು ಆಧಾರವಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಂಡೇ ಮುಂದುವರಿಯಬೇಕು. ಆ ಪರೀಕ್ಷೆಯನ್ನು ಉದ್ದದ ಓಟದ ಮರುದಿನ ಮಾಡಿಸಬೇಡಿ, ಓಟದಿಂದಲೇ ಅಂಕಿ ಏರಿರುತ್ತದೆ, ಸುಮ್ಮನೆ ಗಾಬರಿಯಾಗುತ್ತದೆ. ಓಟಗಾರರ ಮೂತ್ರಪಿಂಡದ ವಿಷಯದಲ್ಲಿ ನನಗೆ ಪುಡಿಗಿಂತ ಹೆಚ್ಚು ಭಯ ಹುಟ್ಟಿಸುವುದು ಮ್ಯಾರಥಾನ್ ದಿನ ಬೆಳಿಗ್ಗೆ ನೋವಿನ ಮಾತ್ರೆ ನುಂಗಿ, ನೀರು ಕಡಿಮೆ ಕುಡಿದು, ಬಿಸಿಲಿನಲ್ಲಿ ನಾಲ್ಕು ಗಂಟೆ ಓಡುವ ಅಭ್ಯಾಸ. ದಯವಿಟ್ಟು ಅದನ್ನು ಮಾಡಬೇಡಿ.

ಬಸವನಗುಡಿ ಬೆಳಗು (ಬೆಂಗಳೂರು)

ಪಣಂಬೂರಿನ ಹಿರಿಯರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ವೇ ಎಂದರೆ ಚೀಸ್ ಮಾಡುವಾಗ ಹಾಲು ಒಡೆದ ಮೇಲೆ ಉಳಿಯುವ ತಿಳಿನೀರಿನ ಪ್ರೋಟೀನ್. ಮನೆಯಲ್ಲಿ ಪನೀರ್ ಮಾಡಿದಾಗ ಉಳಿಯುವ ನೀರಿನ ಸಂಬಂಧಿಯೇ ಅದು. ಸ್ನಾಯು ಕಟ್ಟುವ ಕೆಲಸವನ್ನು ಚಾಲೂ ಮಾಡುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಅದರಲ್ಲಿ ನೂರಕ್ಕೆ ಸುಮಾರು 10ರಷ್ಟಿದೆ, ಕಾಳುಗಳಲ್ಲಿ 7ರಿಂದ 8. ಹೀಗಾಗಿ ಅರವತ್ತು ದಾಟಿದವರು, ಗಾಯದಿಂದ ಮಲಗಿದ್ದು ಸ್ನಾಯು ಕರಗುತ್ತಿರುವವರು, ಓಡಿದ ಮೇಲೆ ಗಟ್ಟಿ ಆಹಾರ ಸೇರದವರು, ಬೆಳಿಗ್ಗೆ ಓಡಿ ನೇರವಾಗಿ ಕೆಲಸಕ್ಕೆ ಓಡಬೇಕಾದವರು ಒಂದು ಚಮಚ ಬಳಸಿದರೆ ನಾನು ಬೇಡ ಎನ್ನುವುದಿಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮಾರ್ಗಸೂಚಿಯಲ್ಲಿ ಮೈಕಟ್ಟು ಬೆಳೆಸಲು ಪ್ರೋಟೀನ್ ಪುಡಿ ಬೇಡ ಎಂದಿರುವುದು ಸಾಮಾನ್ಯ ಜನರನ್ನು ಉದ್ದೇಶಿಸಿ, ಅದರ ಕಾಳಜಿಯೂ ಸರಿಯೇ.

ಸಸ್ಯಾಹಾರಿಗಳ ಪ್ರೋಟೀನ್ ಅಪೂರ್ಣ ಎಂಬ ಮಾತಿಗೂ ಇಲ್ಲೇ ಉತ್ತರಿಸುತ್ತೇನೆ. ಅಕ್ಕಿ, ರಾಗಿ, ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಬೇಳೆಯಲ್ಲಿ ಅದು ಹೇರಳ. ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೋನಿನ್ ಎಂಬ ಇನ್ನೊಂದು ಧಾನ್ಯದಲ್ಲಿದೆ. ಇಡ್ಲಿಯ ಅಕ್ಕಿ–ಉದ್ದು, ಮುದ್ದೆ–ಹುಳಿ, ಬಿಸಿಬೇಳೆಬಾತು, ಎಲ್ಲವೂ ಈ ಜೋಡಿಯೇ. ಜೋಡಿಯಲ್ಲಿ ತಪ್ಪಿಲ್ಲ, ಮೇಷ್ಟ್ರಮ್ಮ ತೂಗಿ ತೋರಿಸಿದಂತೆ ಪ್ರಮಾಣದಲ್ಲಿ ತಪ್ಪಿದೆ.

ಖರ್ಚನ್ನೂ ನೋಡಿ. 3,200 ರೂಪಾಯಿಯ ಡಬ್ಬಿಯಲ್ಲಿ 30 ಗ್ರಾಂನ 33 ಚಮಚ ಬರುತ್ತದೆ, ಒಂದು ಚಮಚಕ್ಕೆ 97 ರೂಪಾಯಿ, ಸಿಗುವ ಪ್ರೋಟೀನ್ 24 ಗ್ರಾಂ. ನಮ್ಮ ಬೀದಿಯಲ್ಲಿ ಹುರಿಗಡಲೆ ಕಿಲೋಗೆ 140 ರೂಪಾಯಿ, ಅಷ್ಟೇ ಪ್ರೋಟೀನಿಗೆ 110 ಗ್ರಾಂ ಬೇಕು, 16 ರೂಪಾಯಿ ಆಗುವುದಿಲ್ಲ. ತೂಕ ಇಳಿಸುವವರಿಗೆ ಅದರೊಡನೆ ಬರುವ 400 ಕ್ಯಾಲೊರಿ ಹೊರೆ. ಚಾಮುಂಡಿ ತಪ್ಪಲಿನ ಸರ್ ಅವರಿಗೆ ಅದೇ ಕೊರತೆಯಾಗಿರುವುದು.

ಚಾಮುಂಡಿ ತಪ್ಪಲು (ಮೈಸೂರು)

ಆರು ವಾರದ ನಂತರ ಬರೆಯುತ್ತಿದ್ದೇನೆ. ಮೊದಲು ಎಲ್ಲರಿಗೂ ಕೃತಜ್ಞತೆ.

ಮೇಷ್ಟ್ರಮ್ಮನವರ ಮಾತು ಕೇಳಿ ನಮ್ಮ ಮನೆಯಲ್ಲೂ ತೂಗಿದೆವು. ನಾಲ್ಕು ಜನಕ್ಕೆ 110 ಗ್ರಾಂ ಬೇಳೆ. ನನ್ನ ಮನೆಯವರೇ ನೋಡಿ ಒಂದು ನಿಮಿಷ ಸುಮ್ಮನಾದರು, ಮರುದಿನದಿಂದ ಎರಡರಷ್ಟು ಹಾಕುತ್ತಿದ್ದಾರೆ. ಈಗ ಭಾನುವಾರ ಓಟ ಮುಗಿಸಿದ ಕೂಡಲೇ ಗಾಡಿಯ ಬಳಿಯೇ ನಿಂತು, ಮನೆಯಿಂದ ತಂದ ರಾಗಿ ಹುರಿಹಿಟ್ಟನ್ನು ಬೆಲ್ಲ ಮತ್ತು ಒಂದು ದೊಡ್ಡ ಲೋಟ ಹಾಲಿನಲ್ಲಿ ಕಲಸಿ ಕುಡಿದು, ಎರಡು ಬಾಳೆಹಣ್ಣು ತಿನ್ನುತ್ತೇನೆ. ಒಂಬತ್ತೂವರೆಯೊಳಗೆ ಆರು ಇಡ್ಲಿ, ಸಾಂಬಾರು. ದಿನವೂ ಕಚೇರಿಯಲ್ಲಿ ನಾಲ್ಕು ಗಂಟೆಗೆ ಹುರಿಗಡಲೆ, ಕಡಲೆಕಾಯಿ ಬೀಜ. ರಾತ್ರಿ ಮೊಳಕೆ ಹೆಸರುಕಾಳಿನ ಕೋಸಂಬರಿ ಅಥವಾ ಉಸಲಿ. ಅಂದಾಜು 88 ಗ್ರಾಂ ಆಗುತ್ತಿದೆ. ತೂಕ 64ರಿಂದ 65ಕ್ಕೆ ಬಂದಿದೆ. ಭಾನುವಾರದ ನೋವು ಈಗ ಸೋಮವಾರ ಸಂಜೆಗೆ ಇಳಿಯುತ್ತದೆ, ಕಳೆದ ನಾಲ್ಕು ಮಂಗಳವಾರ ವೇಗದ ಓಟವನ್ನು ಪೂರ್ತಿ ಮುಗಿಸಿದ್ದೇನೆ. ಇದರಲ್ಲಿ ಎಷ್ಟು ಪಾಲು ಪ್ರೋಟೀನಿನದು, ಎಷ್ಟು ಬೇಗ ತಿಂದದ್ದರದು ಎಂದು ಬಿಡಿಸಿ ಹೇಳಲು ನನ್ನಿಂದಾಗದು.

ಡಬ್ಬಿಯನ್ನು ನಾನು ತೆರೆಯಲಿಲ್ಲ. ನನ್ನ ಮಾವನವರಿಗೆ 74 ವರ್ಷ, ಸೊಂಟದ ಶಸ್ತ್ರಚಿಕಿತ್ಸೆಯಾಗಿ ಊಟ ಸೇರದೆ ಸೊರಗಿದ್ದರು. ಅವರ ವೈದ್ಯರಿಗೆ ಲೇಬಲ್ ತೋರಿಸಿ, ರಕ್ತಪರೀಕ್ಷೆ ನೋಡಿಸಿ, ಅವರು ಒಪ್ಪಿದ ಮೇಲೆ ದಿನಕ್ಕೆ ಒಂದು ಚಮಚ ಅವರಿಗೆ ಕೊಡುತ್ತಿದ್ದೇವೆ.

ಇನ್ನೊಂದು ಪ್ರಶ್ನೆ ಉಳಿದಿದೆ. ಶನಿವಾರ ರಾತ್ರಿ ಹುರುಳಿ ಉಸಲಿ ತಿಂದು ಭಾನುವಾರ ಓಡಿದಾಗ ಎರಡು ಬಾರಿ ಹೊಟ್ಟೆ ಉಬ್ಬರಿಸಿ ನಿಲ್ಲಬೇಕಾಯಿತು. ಮುಂಬೈಯಲ್ಲಿ ಹೀಗಾದರೆ ಏನು ಮಾಡುವುದು?

ಬಸವನಗುಡಿ ಬೆಳಗು (ಬೆಂಗಳೂರು)

ಉದ್ದದ ಓಟದ ಹಿಂದಿನ ರಾತ್ರಿ ಕಾಳು ಬೇಡ ಸರ್. ಅದರಲ್ಲಿನ ನಾರು ಮತ್ತು ದೊಡ್ಡ ಕರುಳಿನಲ್ಲಿ ಹುಳಿಯುವ ಸಕ್ಕರೆಗಳೇ ಉಬ್ಬರಕ್ಕೆ ಕಾರಣ. ಶನಿವಾರದ ಕಾಳನ್ನು ಮಧ್ಯಾಹ್ನಕ್ಕೇ ಮುಗಿಸಿ, ರಾತ್ರಿ ಏಳೂವರೆಯೊಳಗೆ ಅನ್ನ, ತೆಳುವಾದ ಹೆಸರುಬೇಳೆ ತೊವ್ವೆ, ಮೊಸರು ಇಷ್ಟೇ ಇರಲಿ. ಮುಂಬೈಗೆ ಹೋಗುವಾಗ ಕೊನೆಯ ಎರಡು ದಿನ ಪ್ರೋಟೀನಿನ ಲೆಕ್ಕ ಬಿಟ್ಟು ಅನ್ನ, ಇಡ್ಲಿ, ಬಾಳೆಹಣ್ಣು ಹೆಚ್ಚು ಮಾಡಿ. ಹುರಿಹಿಟ್ಟಿನ ಪೊಟ್ಟಣವನ್ನು ಮಾತ್ರ ಚೀಲದಲ್ಲಿಟ್ಟುಕೊಳ್ಳಿ. ಓಟ ಮುಗಿಯುವ ಜಾಗದಲ್ಲಿ ಹಾಲು ಸಿಗದಿದ್ದರೆ ನೀರಿನಲ್ಲಾದರೂ ಕಲಸಿ ಕುಡಿಯಬಹುದು.